ಒಂದು ಕಾಲಿಗೆ ಎರಡು ಬ್ರೇಕು: ಸಾವರ್ಡೆಯ ನಾಲ್ಕು ದಿನ

ಧಾರವಾಡ ಬಿಟ್ಟಾಗ ಬೆಳಿಗ್ಗೆ ಆರೂವರೆ. 2012ರ ಜನವರಿ, ಸಂಕ್ರಾಂತಿ ಮುಗಿದು ಎರಡು ದಿನವಾಗಿತ್ತು. ನನ್ನ ಹದಿನಾರು ವರ್ಷದ ಹಳೆಯ ಮೋಟರ್ ಸೈಕಲ್ಲಿನ ಹಿಂದೆ ಹೆಂಡತಿ ಶಾಂತಾ, ಅವಳ ಮಡಿಲಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ ಚೀಲ. ಅವಳ ತಮ್ಮ ಬಸವರಾಜ ಗೋವಾದ ಸಾವರ್ಡೆಯಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಅವನನ್ನು ಕಂಡು, ಶಾಂತಾಗೆ ಮೊದಲ ಸಲ ಸಮುದ್ರ ತೋರಿಸಿ ಬರುವುದೆಂದು ಹೊರಟಿದ್ದೆವು.

ಅಳ್ನಾವರದಲ್ಲಿ ಚಹಾ, ಲೋಂಡಾದಲ್ಲಿ ರೊಟ್ಟಿ. ರಾಮನಗರ ದಾಟಿ ಅನಮೋಡ ಘಟ್ಟ ಇಳಿಯುವಾಗ ಬಿಸಿಲು ಏರಿತ್ತು. ಬೀಗರೊಳಗೆ ನನಗೊಂದು ಹೆಸರಿತ್ತು: ಘಟ್ಟ ಇಳಿಸುವುದಾದರೆ ಇವರೇ ಇಳಿಸಬೇಕು. ಮುಂದಿನ ಬ್ರೇಕನ್ನು ಎರಡೇ ಬೆರಳಲ್ಲಿ ಎಷ್ಟು ಒತ್ತಬೇಕು, ಅದೇ ಹೊತ್ತಿಗೆ ಕಾಲಿನಿಂದ ಹಿಂದಿನದನ್ನು ಎಷ್ಟು ತುಳಿಯಬೇಕು ಎನ್ನುವುದನ್ನು ಮೊಣಕಾಲು ತರಚಿಸಿಕೊಂಡು ಕಲಿತವನು ನಾನು. ಕಾಲೇಜು ಮೈದಾನದಲ್ಲಿ ಬಸವರಾಜನಿಗೆ ಗಾಡಿ ಕಲಿಸಿದವನೂ ನಾನೇ. ಅಕ್ಕನ ಗಂಡನಾದ ನನ್ನನ್ನು ಅವನು ಮಾಮಾ ಎಂದು ಕರೆಯುತ್ತಾನೆ. ಕೈ ಮತ್ತು ಕಾಲು ಒಟ್ಟಿಗೆ ಬಳಸುವುದು ಮಾತ್ರ ಅವನಿಗೆ ಯಾವತ್ತೂ ಸರಿಯಾಗಿ ಬರಲಿಲ್ಲ.

ಮಧ್ಯಾಹ್ನ ಸಾವರ್ಡೆ ಮುಟ್ಟಿದಾಗ ನಮ್ಮಿಬ್ಬರ ಹುಬ್ಬೂ ಅದಿರಿನ ದೂಳಿನಿಂದ ಕೆಂಪಾಗಿತ್ತು. ಬಸವರಾಜನ ಬಾಡಿಗೆ ಖೋಲಿಯ ಮುಂದೆ ಹೊಸ ಬೈಕು ನಿಂತಿತ್ತು. ಅವನು ಅದರ ಕಾಲಿನ ಪೆಡಲ್ ತೋರಿಸಿದ.

“ಮಾಮಾ, ಇದನ್ನ ತುಳಿದ್ರ ಎರಡೂ ಗಾಲಿಗೆ ಬ್ರೇಕ್ ಬೀಳ್ತಾವ್ರಿ. ಇಲ್ಲಿಂದ ಮುಂದಿನ ಗಾಲಿಗೆ ಒಂದು ವೈರ್ ಹೋಗೇತಿ ನೋಡ್ರಿ.”

“ಹೌದಾ? ಚಲೋ ಆತು” ಎಂದೆ. ಅದು ನನಗೆ ಚಲೋ ಅನ್ನಿಸಿರಲಿಲ್ಲ.

ಮರುದಿನ ಕೆಪೆ ಊರು ಹಾದು ಬೇತೂಲಿನ ಕಡಲಿಗೆ ಹೋದೆವು. ತಮ್ಮನ ಜೊತೆ ಮಾತಾಡುತ್ತ ಹೋಗುತ್ತೇನೆಂದು ಶಾಂತಾ ಅವನ ಹಿಂದೆ ಕುಳಿತಳು. ನಾನು ಒಬ್ಬನೇ ಹಿಂದಿನಿಂದ ಬಂದೆ. ರಸ್ತೆಗೆ ಎಮ್ಮೆ ಬಂದಾಗ, ತಿರುವಿನಲ್ಲಿ ಬಸ್ಸು ಎದುರಾದಾಗ ಬಸವರಾಜನ ಬೈಕಿನ ಕೆಂಪು ದೀಪ ಹೊತ್ತುತ್ತಿತ್ತು, ಗಾಡಿ ನೆಲಕ್ಕೆ ಕುಳಿತಂತೆ ನಿಧಾನವಾಗುತ್ತಿತ್ತು. ಶಾಂತಾಳ ಬೆನ್ನು ಒಂದು ಸಲವೂ ಮುಂದಕ್ಕೆ ಬಾಗಲಿಲ್ಲ. ನನ್ನ ಹಿಂದೆ ಕುಳಿತರೆ ಷರಟನ್ನು ಮುಷ್ಟಿಯಲ್ಲಿ ಹಿಡಿಯುವವಳು, ಅವನ ಭುಜವನ್ನೂ ಹಿಡಿದಿರಲಿಲ್ಲ. ಎರಡೂ ಕೈ ಬಿಟ್ಟು ತೆಂಗಿನ ತೋಟಗಳನ್ನು ತೋರಿಸುತ್ತಿದ್ದಳು.

ದಂಡೆಯಲ್ಲಿ ಎಳನೀರು ಕುಡಿಯುತ್ತ ಅವಳು ಹೇಳಿದಳು: “ನಮ್ಮ ಬಸು ಬ್ರೇಕ್ ಹಾಕಿದ್ದ ಗೊತ್ತಾಗಂಗಿಲ್ರಿ. ನಿಮ್ಮಕಿಂತ ಚಲೋ ಹೊಡಿತಾನ ಈಗ.”

ಸಮುದ್ರ ಹೇಗಿತ್ತೆಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬಾರದು. ನಾನು ಇಡೀ ಹೊತ್ತು ಆ ಬೈಕನ್ನೇ ನೋಡುತ್ತಿದ್ದೆ.

ಮರಳುವಾಗ ನನ್ನ ಗಾಡಿ ಬಸವರಾಜನಿಗೆ ಕೊಟ್ಟು ಅದನ್ನು ನಾನು ಓಡಿಸಿದೆ, ಏನಾದರೂ ದೋಷ ಸಿಕ್ಕೀತೆಂದು. ಪೆಡಲ್ ತುಳಿದೆ. ಹಿಂದಿನ ಗಾಲಿ ಹಿಡಿದುಕೊಂಡ ಕೂಡಲೇ ಮುಂದಿನದೂ ಮೆಲ್ಲಗೆ ಹಿಡಿಯಿತು. ಬಲಗೈ ಸುಮ್ಮನಿತ್ತು, ಆದರೂ ಯಾರೋ ನನ್ನ ಬೆರಳಿನ ಕೆಲಸ ಮಾಡುತ್ತಿದ್ದರು. ಬೈಕಿನ ಮೂಗು ತಗ್ಗಲಿಲ್ಲ, ಹಿಂಬದಿ ಅಲುಗಲಿಲ್ಲ. ಇಪ್ಪತ್ತು ವರ್ಷ ಬಿದ್ದು ಎದ್ದು ನಾನು ಗಳಿಸಿದ್ದು ಇವನಿಗೆ ಅಂಗಡಿಯಲ್ಲೇ ಸಿಕ್ಕಿಬಿಟ್ಟಿತ್ತು.

ಸಂಜೆ ಖೋಲಿಗೆ ಮರಳಿ ಚಹಾ ಕುಡಿಯುವಾಗ ನಾನು ಗುರುವಿನ ದನಿಯಲ್ಲಿ ಶುರುಮಾಡಿದೆ. “ಬಸು, ಇಂಥಾ ಬ್ರೇಕ್ ನಂಬಬ್ಯಾಡ. ಕೈಗೆ ರೂಢಿ ತಪ್ಪತೈತಿ. ಮಣ್ಣಿನ ಮ್ಯಾಲೆ ಮುಂದಿನ ಗಾಲಿ ತಾನ ಹಿಡಿದು ಕೆಡವತೈತಿ. ಆ ವೈರ್ ತಗಿಸಿಬಿಡು.”

ಅದರಲ್ಲಿ ಒಂದು ಮಾತೂ ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಬಸವರಾಜ ಬಗ್ಗಿ ಆ ವೈರನ್ನು ಮುಟ್ಟಿ ನೋಡಿದ. “ನೀವು ಹೇಳಿದ್ರ ಖರೇನ ಇರ್ತೈತ್ರಿ ಮಾಮಾ” ಎಂದ.

ಮೂರನೆಯ ದಿನ ಬೆಳಿಗ್ಗೆ ಕುಡ್ಚಡೆಯ ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ಮುಧೋಳದ ಕಡೆಯವನು. “ಬಿಚ್ಚೂದು ಹತ್ತು ಮಿನಿಟಿನ ಕೆಲಸ ಐತ್ರಿ. ಆದ್ರ ಚಲೋ ಇದ್ದದ್ದನ್ನ ಯಾಕ ಬಿಚ್ಚಸ್ತೀರಿ?” ಎಂದು ನನ್ನ ಮುಖ ನೋಡಿದ. “ನೀ ಬಿಚ್ಚಪಾ” ಎಂದೆ. ಅವನು ನಟ್ಟು ಬಿಚ್ಚುವ ಪಾನಾ ಹಿಡಿದು ಕುಳಿತ.

ಅಲ್ಲಿಂದ ಕೆಪೆಯ ಆಚೆ ಚಂದ್ರನಾಥನ ಗುಡ್ಡಕ್ಕೆ ಹೋದೆವು. ಕಡಿದಾದ ಏರು, ಮೇಲೆ ತಂಪು ಗಾಳಿ. ದರ್ಶನ ಮಾಡಿ ಹನ್ನೊಂದಕ್ಕೆ ಇಳಿಯತೊಡಗಿದೆವು. ಶಾಂತಾ ಮತ್ತೆ ತಮ್ಮನ ಹಿಂದೆಯೇ ಕುಳಿತಿದ್ದಳು. ಮೂರನೆಯ ತಿರುವಿನಲ್ಲಿ ಒಂದು ಆಕಳು ರಸ್ತೆಯ ನಡುವೆ ನಿಂತಿತ್ತು. ಬಸವರಾಜ ರೂಢಿಯಂತೆ ಕಾಲಿನಿಂದ ಜೋರಾಗಿ ತುಳಿದ. ಹಿಂದಿನ ಗಾಲಿ ಒಂದೇ ಹಿಡಿದು ಕಟ್ಟಿಕೊಂಡಿತು, ಉರುಟು ಕಲ್ಲಿನ ಮೇಲೆ ಜಾರಿ ಪಕ್ಕಕ್ಕೆ ತಿರುಗಿತು. ಬೈಕು ಮಲಗಿದ್ದನ್ನು ನಾನು ಹಿಂದಿನಿಂದ ಪೂರ್ತಿ ಕಂಡೆ. ಶಾಂತಾ ಎಡಗೈ ಊರಿ ಬಿದ್ದಳು. ಆಕಳು ಸಾವಕಾಶ ಗಿಡದೊಳಗೆ ಹೋಯಿತು.

ಕೆಪೆಯ ದವಾಖಾನೆಯಲ್ಲಿ ಮುಂಗೈ ಎಲುಬು ಮುರಿದಿದೆ ಎಂದರು, ಪ್ಲಾಸ್ಟರ್ ಹಾಕಿದರು. ಬಸವರಾಜ ತರಚಿದ ಮೊಣಕೈಯನ್ನು ತೊಳೆಯಲೂ ಬಿಡದೆ ಅಕ್ಕನ ಕಾಲ ಬಳಿ ಕುಳಿತು ಅಳುತ್ತಿದ್ದ.

“ತಪ್ಪು ನಂದ ಅಕ್ಕಾ. ಮಾಮಾ ಮದ್ಲ ಹೇಳಿದ್ರು, ಕೈಗೆ ರೂಢಿ ತಪ್ಪತೈತಿ ಅಂತ. ಕೈ ಬ್ರೇಕ್ ಹಿಡಿಯೂದ ಮರತೆ.”

ನಾನು ಸುಮ್ಮನಿದ್ದರೆ ಅದು ಹಾಗೆಯೇ ಮುಗಿಯುತ್ತಿತ್ತು. ಆ ಒಂದು ನಿಮಿಷ ಸುಮ್ಮನೇ ಇದ್ದೆ ಕೂಡ. ಆಮೇಲೆ ಅವನು ಹಣೆ ಬಡಿದುಕೊಂಡದ್ದನ್ನು ನೋಡಲಾಗಲಿಲ್ಲ.

“ತಪ್ಪು ಅವಂದಲ್ಲ, ಶಾಂತಾ. ಆ ವೈರ್ ಇದ್ದಿದ್ರ ಹಿಂಗ ಜಾರ್ತಿರಲಿಲ್ಲೋ ಏನೋ. ಬಿಚ್ಚಸು ಅಂತ ಹೇಳಿದಾಂವ ನಾನು. ಅವ ನನಗಿಂತ ಚಲೋ ಹೊಡಿತಾನ ಅಂದಿದ್ದಿ. ಅದನ್ನ ತಡಕೊಳ್ಳಾಕ ಆಗಲಿಲ್ಲ.”

ಬಸವರಾಜ ತಲೆಯೆತ್ತಿ ನನ್ನನ್ನು ನೋಡಿದ. ಸಿಟ್ಟು ಮಾಡಿದ್ದರೆ ಹಗುರಾಗುತ್ತಿದ್ದೆ. ಅವನು ನೆಲ ನೋಡಿದ. ಶಾಂತಾ ಗೋಡೆಯ ಕಡೆ ಮುಖ ತಿರುಗಿಸಿದಳು. ಹೊರಗೆ ಹೋಗಿ, ಗುಡ್ಡದಲ್ಲೇ ಬಿಟ್ಟುಬಂದಿದ್ದ ಬೈಕನ್ನು ಟೆಂಪೋಗೆ ಏರಿಸಿದೆ, ಮುಧೋಳದ ಮೇಸ್ತ್ರಿಯ ಬಳಿ ಒಯ್ದೆ. ಅವನು ಬಾಗಿದ ಹ್ಯಾಂಡಲ್ ನೋಡಿದ, ನನ್ನನ್ನೂ ನೋಡಿದ, ಪಾನಾ ಎತ್ತಿಕೊಂಡ. ವೈರ್ ಮತ್ತೆ ಹಾಕಿ ಮುಗಿಸುವವರೆಗೆ ಅಲ್ಲೇ ನಿಂತಿದ್ದೆ.

ನಾಲ್ಕನೆಯ ದಿನ ಶಾಂತಾ ಮುರಿದ ಕೈಯಲ್ಲಿ ಗಾಡಿ ಹತ್ತುವಂತಿರಲಿಲ್ಲ. ಬಸವರಾಜ ರಜೆ ಹಾಕಿ ಅಕ್ಕನನ್ನು ಸಾವರ್ಡೆ ಸ್ಟೇಶನ್ನಿನಿಂದ ರೈಲಿನಲ್ಲಿ ಕರೆದುಕೊಂಡು ಹೊರಟ. ನಾನು ಒಬ್ಬನೇ ಅನಮೋಡ ಘಟ್ಟ ಹತ್ತಿದೆ. ಧಾರವಾಡ ಸ್ಟೇಶನ್ನಿನಲ್ಲಿ ಅವರಿಗಾಗಿ ಒಂದು ತಾಸು ಕಾದೆ.

ಬಸವರಾಜ ಅಕ್ಕನನ್ನು ಮೆಲ್ಲಗೆ ಇಳಿಸಿ ಆಟೋ ಕರೆಯಲು ಹೋದ. ದವಾಖಾನೆ ಬಿಟ್ಟ ಮೇಲೆ ಶಾಂತಾ ಮೊದಲ ಸಲ ನನ್ನ ಜೊತೆ ಮಾತಾಡಿದಳು.

“ವೈರ್ ಹಾಕಿಸಿದ್ರಿ?”

“ಹಾಕಿಸಿದೆ.”

“ನೀವ ನಿಂತು ಹಾಕಿಸಿದ್ರಿ?”

“ಹೌದು, ನಾನ ನಿಂತು.”

ಅವಳು ಪ್ಲಾಸ್ಟರ್ ಕೈಯನ್ನು ಸೆರಗಿನಲ್ಲಿ ಸರಿಮಾಡಿಕೊಂಡಳು. “ಅವನಿಗೆ ಇನ್ನೊಮ್ಮೆ ಕಲಸ್ರಿ. ಎರಡೂ ಬ್ರೇಕ್ ಹಿಡಿಯೂದು. ಈ ಸಲ ಮನಸ್ಸಿಟ್ಟು ಕಲಸ್ರಿ” ಎಂದಳು. ಆಮೇಲೆ ತಮ್ಮ ತಂದ ಆಟೋ ಹತ್ತಿ ಕುಳಿತಳು. ಅದರ ಹಿಂದೆ, ಸಾಕಷ್ಟು ಅಂತರ ಬಿಟ್ಟು, ನಾನು ಮನೆಯವರೆಗೆ ಹೋದೆ.