ಬಾದಾಮಿ ಬಣ್ಣದ ಗುಲಾಬಿ

ನನ್ನ ಗಂಡ ಶ್ರೀಕಂಠಯ್ಯ ವಿಮಾನ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದವರು. ನಾನು ವೇದಾ, ವಿಮಾ ಕಛೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಜೀವನ್ ಬಿಮಾ ನಗರದ ಮನೆ ನನ್ನ ನೌಕರಿಯಿಂದ ಬಂದದ್ದು, ಅದರ ತಾರಸಿ ಮಾತ್ರ ಅವರದು. ಅಲ್ಲಿ ಬಟ್ಟೆ ಒಣಹಾಕಲು ಒಂದು ಹಗ್ಗ ಕಟ್ಟಬೇಕಾದರೂ ನಾನು ಅಪ್ಪಣೆ ಕೇಳಬೇಕಿತ್ತು. ಉದ್ದಕ್ಕೂ ಗುಲಾಬಿ ಕುಂಡಗಳು.

ಬಲ್ಗೇರಿಯಾದ ಕಣಿವೆಯಲ್ಲಿ ಇಬ್ಬನಿ ಆರುವ ಮೊದಲೇ ಹೂ ಕೀಳುತ್ತಾರಂತೆ, ಪ್ಯಾರಿಸ್ಸಿನ ತೋಟವೊಂದರಲ್ಲಿ ಪ್ರತಿವರ್ಷ ಹೊಸ ಗುಲಾಬಿಗಳಿಗೆ ಸ್ಪರ್ಧೆ ನಡೆಯುತ್ತದಂತೆ. ಇದನ್ನೆಲ್ಲ ನಾನು ಹುಳಿಗೆ ಒಗ್ಗರಣೆ ಹಾಕುವ ಹೊತ್ತಿಗೇ ಬಂದು ಹೇಳಬೇಕೆ? ಜಪಾನಿನಿಂದ ಇಂಗ್ಲೆಂಡಿನವರೆಗೆ ಸಿಕ್ಕ ತೋಟಗಳ ಚಿತ್ರಗಳನ್ನೆಲ್ಲ ಕತ್ತರಿಸಿ ಹಳೆಯ ಡೈರಿಯಲ್ಲಿ ಅಂಟಿಸಿದ್ದರು. ನಾವು ಕಣ್ಣಾರೆ ಕಂಡದ್ದು ಊಟಿಯ ತೋಟ ಒಂದೇ. ಅಲ್ಲಿ ಅವರು ಹೂ ನೋಡುವುದು ಬಿಟ್ಟು ಗಿಡದ ಬುಡ ಬಗ್ಗಿ ನೋಡುತ್ತಿದ್ದರು.

"ಲೋಕದ ಜನ ಎಲ್ಲಾ ಜಗಳ ಬಿಟ್ಟು ಒಟ್ಟಿಗೆ ನಿಂತು ನೋಡೋದು ಇದೊಂದನ್ನೇ ಕಣೇ" ಎಂದರು.

"ಬಿಸಿ ದೋಸೇನೂ ಹಾಗೇ ನೋಡ್ತಾರೆ. ಹೊಟ್ಟೆ ಹಸೀತಿದೆ, ನಡೀರಿ" ಎಂದೆ.

ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿ, ಬೀಜ ಕಟ್ಟಿಸಿ, ಸಸಿ ಮಾಡಿ, ಬೇಡವಾದದ್ದನ್ನು ಕಿತ್ತೆಸೆಯುವುದರಲ್ಲೇ ಅವರಿಗೆ ಒಂಬತ್ತು ವರ್ಷ ಕಳೆಯಿತು. ೧೯೯೯ರ ಡಿಸೆಂಬರಿನಲ್ಲಿ ಒಂದು ಸಸಿ ಬಾದಾಮಿ ಹಾಲಿನ ಬಣ್ಣದ ಹೂ ಬಿಟ್ಟಿತು. ಸುಳ್ಳು ಯಾಕೆ ಹೇಳಲಿ, ನಾನು ಬೈಯುವುದನ್ನೇ ಮರೆತು ನಿಂತೆ. ಪರಿಮಳ ಮೆಟ್ಟಿಲಿಳಿದು ಅಡುಗೆಮನೆಗೆ ಬಂದಿತ್ತು. ಪ್ಯಾರಿಸ್ಸಿನ ಸ್ಪರ್ಧೆಗೆ ಇದನ್ನೇ ಕಳಿಸುತ್ತೇನೆ ಎಂದು ಅವರು ಅಂದೇ ಗಟ್ಟಿ ಮಾಡಿಕೊಂಡರು.

ಮೂಲ ಸಸಿ ಬಡಕಲಾಗಿತ್ತು. ಕಸಿ ಮಾಡಲು ಲಿಂಗರಾಜಪುರದ ಕಲೀಮುಲ್ಲಾ ಬಂದರು. ಊರಿನ ಅರ್ಧ ನರ್ಸರಿಗಳಿಗೆ ಅವರದೇ ಕೈ. ಕಾಡು ಗುಲಾಬಿಯ ಬೇರು ಗಟ್ಟಿ, ಆದ್ದರಿಂದ ಅದರ ಕಾಂಡ ಸೀಳಿ, ಒಳ್ಳೆಯ ಗುಲಾಬಿಯ ಕಣ್ಣೊಂದನ್ನು, ಅಂದರೆ ಎಲೆಯ ಬುಡದಲ್ಲಿರುವ ಮೊಳಕೆಯನ್ನು, ಅಲ್ಲಿ ಕೂರಿಸಿ ಕಟ್ಟುತ್ತಾರೆ. ಕಣ್ಣು ಚಿಗುರಿದ ಮೇಲೆ ಕಾಡಿನ ತಲೆಯನ್ನು ಕತ್ತರಿಸಿಬಿಡುತ್ತಾರೆ. ನನ್ನ ಗಂಡ ಇಪ್ಪತ್ತು ವರ್ಷ ಇದನ್ನೇ ಹೇಳುತ್ತಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಆ ದಿನ ಕೂಡಿಸಿದ ಮೂರು ಕಣ್ಣುಗಳಲ್ಲಿ ಒಂದು ಹಿಡಿಯಿತು. ಮೂಲ ಸಸಿ ಆ ಬೇಸಿಗೆಗೇ ಸತ್ತಿತು.

"ಸಾಬ್, ಒಂದು ಕಣ್ಣು ನನ್ನ ಹತ್ರ ಇರ್ಲಿ. ಒಂದೇ ಮನೇಲಿ ಒಂದೇ ಗಿಡ ಇದ್ರೆ ಭರೋಸಾ ಇಲ್ಲ" ಎಂದಿದ್ದರು ಕಲೀಮುಲ್ಲಾ, ಕಸಿ ಕಟ್ಟಿದ ದಿನವೇ.

ಇವರು ಒಪ್ಪಲಿಲ್ಲ. ಸ್ಪರ್ಧೆಗೆ ಮೊದಲೇ ಗಿಡ ಪೇಟೆಗೆ ಬಿದ್ದರೆ ಲೆಕ್ಕಕ್ಕಿಲ್ಲವಂತೆ. ಗಿಡದ ಗುಣ ಮೂರು ಚಳಿಗಾಲ ನೋಡಿ ಆಮೇಲೆ ತಾವೇ ಹತ್ತು ಗಿಡ ಮಾಡುವ ಯೋಚನೆ. ಕಲೀಮುಲ್ಲಾ ಹೋದ ಮೇಲೆ ನನ್ನನ್ನು ಕರೆದು, "ಇನ್ಮೇಲೆ ಅವರನ್ನ ಮೇಲಕ್ಕೆ ಬಿಡ್ಬೇಡ. ನೀನೂ ಆ ಗಿಡಕ್ಕೆ ಕತ್ತರಿ ತಾಗಿಸ್ಬೇಡ" ಎಂದರು. ತಾಗಿಸಲು ನನಗೇನು ಬೇರೆ ಕೆಲಸವಿರಲಿಲ್ಲವೇ.

೨೦೦೨ರ ಜೂನಿನಲ್ಲಿ, ಎರಡು ಚಳಿಗಾಲದ ಹೂ ನೋಡಿಯಾದ ಮೇಲೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲಲ್ಲಿ ಕುಸಿದರು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಬಂದ ದಿನವೇ ಎಡಗೈ ಎತ್ತಿ ತಾರಸಿಯ ಕಡೆ ತೋರಿಸಿದರು. "ನಾನು ನೋಡ್ಕೋತೀನಿ ರೀ" ಎಂದೆ.

ನೋಡಿಕೊಂಡೆ. ಬೇರೆ ಕುಂಡಗಳು ಒಣಗಿದರೆ ಒಣಗಲಿ ಎಂದುಕೊಂಡರೂ ಅದಕ್ಕೆ ಮಾತ್ರ ಒಂದು ದಿನವೂ ನೀರು ತಪ್ಪಿಸಲಿಲ್ಲ. ಗೊಬ್ಬರಕ್ಕೆಂದು ತಂದ ಮೂಳೆ ಪುಡಿಯ ಡಬ್ಬವನ್ನು ಮನೆಯೊಳಗೆ ಬರಗೊಡದೆ ಇಪ್ಪತ್ತು ವರ್ಷ ಜಗಳವಾಡಿದವಳು, ಆ ಪುಡಿಯನ್ನು ಕೈಯಾರೆ ಕಲಸಿ ಹಾಕಿ, ಮತ್ತೆ ಸ್ನಾನ ಮಾಡಿ ಮಡಿಯುಟ್ಟು ದೇವರ ಮುಂದೆ ಕೂರುತ್ತಿದ್ದೆ. ಗಿಡ ಬೆಳೆಯಿತು. ಬುಡದಿಂದ ಕಡ್ಡಿಗಳು ನುಗ್ಗಿ ಬಂದವು. ದಿನಾ ಹಾಸಿಗೆಯ ಪಕ್ಕ ಕೂತು, "ನನ್ನೆತ್ತರ ಬಂದಿದೆ ರೀ" ಎಂದು ವರದಿ ಒಪ್ಪಿಸುತ್ತಿದ್ದೆ. ಅವರು ತಲೆ ಅಲ್ಲಾಡಿಸಿ ಊಂ ಊಂ ಎನ್ನುತ್ತಿದ್ದರು. ಸಂತೋಷಕ್ಕೆ ಎಂದು ನಾನು ತಿಳಿದೆ.

ಕಲೀಮುಲ್ಲಾ ಎರಡು ಸಲ ಬಂದರು. "ಅಮ್ಮಾ, ಗಿಡ ಒಂದ್ಸಲ ನೋಡಿ ಬರ್ಲಾ?" ಎಂದು ಕೇಳಿದರು. ವರಾಂಡದಲ್ಲೇ ಕೂರಿಸಿ, ಕಾಫಿ ಕೊಟ್ಟು, ಚೆನ್ನಾಗಿದೆ ಎಂದು ಹೇಳಿ ಕಳಿಸಿದೆ. ಗಂಡನ ಮಾತು ಮೀರಬಾರದಲ್ಲ. ಬದುಕಿನುದ್ದಕ್ಕೂ ಅವರ ಒಂದು ಮಾತನ್ನೂ ಸುಮ್ಮನೆ ಕೇಳದವಳು ಇದೊಂದನ್ನು ಕೇಳಿದೆ.

ಜನವರಿ ಬಂದರೂ ಒಂದು ಮೊಗ್ಗಿಲ್ಲ. ಎಲೆಯಾದರೂ ನೋಡಲಿ ಎಂದು ಒಂದು ಚಿಗುರನ್ನು ಕೈಯಿಂದಲೇ ಮುರಿದು ತಂದು ಅವರ ಎದೆಯ ಮೇಲಿಟ್ಟೆ. ಅವರು ಎಡಗೈಯ ಬೆರಳಿನಿಂದ ಒಂದೇ ತೊಟ್ಟಿನ ಎಲೆಗಳನ್ನು ಒಂದೊಂದಾಗಿ ಮುಟ್ಟಿದರು. ನಾನೂ ಅವರ ಜೊತೆ ಎಣಿಸಿದೆ. ಏಳು. ನಮ್ಮ ಗಿಡದ್ದು ಐದೆಲೆ, ಏಳೆಲೆ ಕಂಡರೆ ಕಾಡು ಮೇಲೆದ್ದಿತು ಎಂದು ಅರ್ಥ, ಬುಡದಿಂದ ಕಿತ್ತುಬಿಡಬೇಕು ಎಂದು ಅವರು ಕಲೀಮುಲ್ಲಾಗೆ ಹೇಳುತ್ತಿದ್ದ ಮಾತು ಆಗ ನೆನಪಿಗೆ ಬಂತು. ತಾರಸಿಗೆ ಓಡಿದೆ. ಆ ಸೊಂಪಾದ ಕಡ್ಡಿಗಳ ನಡುವೆ ಕಸಿ ಕೂಡಿಸಿದ ಕೊಂಬೆ ಕಪ್ಪಾಗಿ ಒಣಗಿ ನಿಂತಿತ್ತು. ಎಷ್ಟು ತಿಂಗಳಾಗಿತ್ತೋ. ನಾನು ಕಳೆಗೆ ನೀರು ಹಾಕಿದ್ದೆ, ಹೂವನ್ನು ಸಾಯಿಸಿದ್ದೆ.

ಆಟೋ ಹಿಡಿದು ಲಿಂಗರಾಜಪುರಕ್ಕೆ ಹೋದೆ. ಕಲೀಮುಲ್ಲಾರ ಹೆಂಡತಿ ಬದ್ರುನ್ನೀಸಾ ಕುರ್ಚಿ ಒರೆಸಿ ಹಾಕಿದರು. ನಾನು ಕೂರಲಿಲ್ಲ.

"ನಿಜ ಹೇಳಿ. ಆ ಗಿಡದ ಒಂದು ಕಣ್ಣು ನೀವು ಕದ್ದಿದ್ದೀರಿ ಅಲ್ವಾ? ನಾನು ಬೈಯಲ್ಲ. ಕೈ ಮುಗೀತೀನಿ, ಕದ್ದಿದ್ದೀನಿ ಅಂತ ಹೇಳಿ."

ಕಲೀಮುಲ್ಲಾ ಕೈಯ ಮಣ್ಣನ್ನು ಲುಂಗಿಗೆ ಒರೆಸಿಕೊಂಡರು.

"ಕದ್ದಿದ್ದೆ ಅಮ್ಮಾ. ಕಸಿ ಕಟ್ಟಿದ ದಿನ ಕೆಳಗೆ ಬಿದ್ದಿದ್ದ ಒಂದು ಕಡ್ಡಿ ಜೇಬಲ್ಲಿ ಹಾಕ್ಕೊಂಡಿದ್ದೆ. ಗೇಟ್ ತನಕ ಹೋಗಿದ್ದೆ, ಮನಸ್ಸು ತಡೀಲಿಲ್ಲ, ವಾಪಸ್ ಬಂದು ಕೊಟ್ಬಿಟ್ಟೆ. ಸಾಬ್ರು ನನ್ನ ಮುಂದೇನೇ ಚೂರು ಚೂರು ಮಾಡಿ ಹಾಕಿದ್ರು."

ನನಗೆ ಆ ಮನುಷ್ಯನ ಪ್ರಾಮಾಣಿಕತೆಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಹೇಳದೆ ಕೇಳದೆ ಹೊರಟು ಬಂದುಬಿಟ್ಟೆ.

ಮನೆಗೆ ಬಂದಾಗ ಇವರು ಬಾಗಿಲ ಕಡೆಗೇ ನೋಡುತ್ತಿದ್ದರು. ಎಲ್ಲಿಗೆ ಹೋಗಿದ್ದೆನೆಂದು ಅವರಿಗೆ ಹೇಗೋ ತಿಳಿದಿತ್ತು. ಅಲ್ಲಿ ಒಂದು ಗಿಡ ಇದೆಯಂತೆ ಎಂದು ಸುಳ್ಳು ಹೇಳೋಣವೆಂದು ದಾರಿಯುದ್ದಕ್ಕೂ ಮನಸ್ಸು ಮಾಡಿದ್ದೆ. ಹೂ ತೋರಿಸು ಎಂದು ಸನ್ನೆ ಮಾಡಿದರೆ ಎಲ್ಲಿಂದ ತರಲಿ?

"ಇಲ್ಲ ರೀ" ಎಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೂ ಮೂರು ವರ್ಷ ಬದುಕಿದರು. ನಾನು ಅನ್ನ ಕಲಸಿ ತಿನ್ನಿಸಿದೆ, ಮೈ ಒರೆಸಿದೆ, ಪಕ್ಕದಲ್ಲೇ ಮಲಗಿದೆ. ನಿನ್ನ ತಪ್ಪಲ್ಲ ಎಂದು ಹೇಳಲು ಅವರಿಗೆ ಮಾತಿರಲಿಲ್ಲ. ಮಾತಿದ್ದಿದ್ದರೆ ಹೇಳುತ್ತಿದ್ದರೋ ಇಲ್ಲವೋ, ಅದು ನನಗೆ ಗೊತ್ತಾಗಲಿಲ್ಲ.