ಕೊನೆಯ ಗುಂಡಿ ಮನೆಯವರೇ ಒತ್ತಬೇಕು

ಬೆಳಗಿನ ಐದೂವರೆ. ನಾಲ್ಕನೇ ಮಹಡಿಯ ಮನೆಯೊಂದರ ಮುಂಗೋಣೆಯಲ್ಲಿ, ಮೇಜಿನ ಕೆಳಗೆ, ನಲವತ್ತೇಳರ ಹೆಂಗಸೊಬ್ಬರು ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಲಗಿದ್ದಾರೆ. ನಮಗೆ ಕಾಣುವುದು ಅವರ ಎರಡು ಅಂಗಾಲು ಮಾತ್ರ. ಹನ್ನೊಂದು ವರ್ಷ ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಒಳಗಿದ್ದ ಹಾರ್ಡ್ ಡಿಸ್ಕ್ ತೆಗೆದು, ತಾವು ತಂದ ಇನ್ನೊಂದನ್ನು ಕೂರಿಸುತ್ತಿದ್ದಾರೆ. ಬಾಯಲ್ಲಿ ಟಾರ್ಚ್ ಇರುವುದರಿಂದ ಮಾತಿಲ್ಲ. ಸ್ಕ್ರೂ ಬೇಕಾದಾಗ ಕೈಯೊಂದು ಹೊರಗೆ ಬರುತ್ತದೆ, ಮನೆಯೊಡತಿ ಅದರ ಮೇಲೆ ಸ್ಕ್ರೂ ಇಡುತ್ತಾರೆ.

ಸುತ್ತಲಿನ ಬೀದಿಗಳಲ್ಲಿ ಎಲ್ಲರಿಗೂ ಇವರು ‘ಬೇಡಕ್ಕ’. ಮನೆಗಳಲ್ಲಿರುವ ಹಳೆಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಬದಲಿಸಬೇಕೋ ಬೇಡವೋ ಎಂದು ನೋಡಿ ಹೇಳುವುದು ಇವರ ಕೆಲಸ. ಹತ್ತು ಮನೆಗಳಲ್ಲಿ ಆರು ಮನೆಗೆ ‘ಬೇಡ’ ಎಂದೇ ಹೇಳಿ ಬರುತ್ತಾರೆ, ಹಾಗಾಗಿ ಈ ಬಿರುದು. ಹೊಸದು ಹಾಕಿಸಿ ಎಂದು ಜನರ ಬೆನ್ನು ಬೀಳುವ ಅಂಗಡಿಯವರಿಗೆ ಇವರನ್ನು ಕಂಡರೆ ಅಷ್ಟಕ್ಕಷ್ಟೇ.

“ನಾನೇನು ಹೊಸದರ ಶತ್ರು ಅಲ್ಲ ಕಣ್ರೀ,” ಮೇಜಿನ ಕೆಳಗಿಂದ ತೆವಳಿಕೊಂಡು ಬಂದು, ಮೂಗಿನ ಮೇಲಿನ ಧೂಳು ಒರೆಸುತ್ತಾ ಅವರು ಹೇಳುತ್ತಾರೆ. “ಬೇಕಾದ ಕಡೆ ಬೇಕು ಅಂತೀನಿ. ಆದ್ರೆ ನೋಡದೆ ಹೇಳಲ್ಲ.”

ಈ ಮನೆಯೊಡತಿ ಕಸೂತಿ ಕೆಲಸದವರು. ಶಾಲೆಗಳ ಸಮವಸ್ತ್ರಕ್ಕೆ ಲಾಂಛನ, ಮೇಜುಬಟ್ಟೆಗೆ ಹೂಬಳ್ಳಿ ಹೊಲಿದುಕೊಡುತ್ತಾರೆ. ಕಸೂತಿ ಯಂತ್ರಕ್ಕೆ ಚಿತ್ರ ಕಳಿಸುವುದು ಇದೇ ಕಂಪ್ಯೂಟರ್. ಹಾಗೆ ಕಳಿಸುವ ಸಾಫ್ಟ್‌ವೇರ್ ಮಾಡಿದ ಕಂಪನಿ ಬಾಗಿಲು ಹಾಕಿ ವರ್ಷಗಳಾದವು. ಎಂಟು ವರ್ಷ ಕೂತು ತಾವೇ ಬರೆದ ನೂರಾ ಅರವತ್ತು ವಿನ್ಯಾಸಗಳು ಅದರೊಳಗಿವೆ. ಈಗ ಒಂದು ತಿಂಗಳಿಂದ, ಸ್ವಿಚ್ ಹಾಕಿದರೆ ಸಾಕು, ನೀಲಿ ಚೌಕವೊಂದು ಎದ್ದು ನಿಲ್ಲುತ್ತಿದೆ: ಈ ಹಳೆಯ ವ್ಯವಸ್ಥೆಗೆ ಇನ್ನು ರಕ್ಷಣೆ ಇಲ್ಲ, ಬದಲಿಸಿ. ಅದೇ ಕಂಪ್ಯೂಟರಿನಲ್ಲಿ ಮನೆಯ ಬ್ಯಾಂಕ್ ವ್ಯವಹಾರ ನೋಡಿಕೊಳ್ಳುವ ಗಂಡನಿಗೆ ಆನ್‌ಲೈನ್ ಕಳ್ಳರ ಚಿಂತೆ. ಬದಲಿಸಿದ ಮೇಲೆ ಯಂತ್ರ ಮುಷ್ಕರ ಹೂಡಿದರೆ ಎಂದು ಹೆಂಡತಿಗೆ ಹೊಟ್ಟೆಪಾಡಿನ ಚಿಂತೆ. ಎಂಟು ಗಂಟೆಗೆ ಹೊಲಿಗೆ ಶುರುವಾಗಬೇಕಾದ್ದರಿಂದ ಬೇಡಕ್ಕ ಸತತ ಮೂರನೇ ದಿನ ಕೋಳಿ ಕೂಗುವ ಹೊತ್ತಿಗೆ ಬಂದಿದ್ದಾರೆ.

ಅವರ ಕೆಲಸದ ರೀತಿಯೇ ಬೇರೆ. ಕರೆದ ಮನೆಗೆ ಮೊದಲು ಒಂದು ಹಾಳೆ ಕೊಡುತ್ತಾರೆ. ಅದು ಏಳು ದಿನ ಪರದೆಯ ಅಂಚಿಗೆ ಅಂಟಿಕೊಂಡಿರಬೇಕು, ಯಾರು ಏನು ತೆರೆದರೂ ಅದರಲ್ಲಿ ಗೀಚಬೇಕು. ಆಮೇಲೆ ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಿ, ಹೊಸ ವ್ಯವಸ್ಥೆಯನ್ನು ನಕಲಿನ ಮೇಲೆ ಹಾಕಿ ನೋಡುತ್ತಾರೆ. ಒಂದು ನಕಲಿಗೆ ನಾಲ್ಕು ತಾಸು. ದಿನಕ್ಕೆ ಮೂರು ಮನೆ, ಮನೆಗೆ ಸರಾಸರಿ ಅರವತ್ತು ಮೆಟ್ಟಿಲು, ಹೆಗಲಲ್ಲಿ ಏಳು ಕಿಲೋ ಬ್ಯಾಗು. ಸೊಂಟ ಆಗಾಗ ದೂರು ಕೊಡುತ್ತದಂತೆ. “ಅದನ್ನ ಅಪ್‌ಗ್ರೇಡ್ ಮಾಡೋರು ಯಾರೂ ಸಿಕ್ಕಿಲ್ಲ,” ಎಂದು ನಗುತ್ತಾರೆ.

ಮೊದಲು ಅವರು ಕಂಪ್ಯೂಟರಿನಲ್ಲಿ ಪರೀಕ್ಷೆ ನಡೆಸುವ ಕೇಂದ್ರವೊಂದರಲ್ಲಿ ಕೀಬೋರ್ಡ್ ಒರೆಸುತ್ತಿದ್ದರು. ಕೆಟ್ಟ ಯಂತ್ರ ಬಿಚ್ಚುವವರ ಹಿಂದೆ ನಿಂತು ನೋಡಿ ನೋಡಿ ಕಲಿತರು. ಬಾಗಿಲು ತೆಗೆದವರು ಇವರ ಬೆನ್ನ ಹಿಂದೆ ಇಣುಕಿ, “ರಿಪೇರಿಯವರು ಎಲ್ಲಿ?” ಎಂದು ಕೇಳುವುದು ಹನ್ನೆರಡು ವರ್ಷವಾದರೂ ನಿಂತಿಲ್ಲ. “ಏನೂ ಬದಲಾಯಿಸಲಿಲ್ಲವಲ್ಲ, ಕೂಲಿ ಯಾತಕ್ಕೆ?” ಎನ್ನುವವರೂ ಇದ್ದಾರೆ. ಲಿಫ್ಟ್ ಮೆಕ್ಯಾನಿಕ್ ಆಗಿರುವ ಬೇಡಕ್ಕನ ಗಂಡ ಮಾತ್ರ, “ನಾನೂ ಅಷ್ಟೇ, ಬೀಳದ ಹಾಗೆ ನೋಡ್ಕೊಂಡಿದ್ದಕ್ಕೇ ಸಂಬಳ ತಗೊಳ್ಳೋದು,” ಎಂದು ಹೆಂಡತಿಯ ಪರ ನಿಲ್ಲುತ್ತಾರೆ.

ಇನ್ನೊಂದು ನಿಯಮವಿದೆ. ಕೊನೆಯ ಗುಂಡಿಯನ್ನು ಬೇಡಕ್ಕ ಎಂದೂ ಒತ್ತುವುದಿಲ್ಲ, ಮನೆಯವರೇ ಒತ್ತಬೇಕು. ಯಾಕೆ ಎಂದಾಗ ಅವರ ಮುಖ ಸ್ವಲ್ಪ ಇಳಿಯುತ್ತದೆ.

“ಶುರುವಿನಲ್ಲಿ ನಾನೇ ಒತ್ತುತ್ತಿದ್ದೆ, ಆಗ ನಕಲು ಮಾಡಿಡೋ ಅಭ್ಯಾಸಾನೂ ಇರ್ಲಿಲ್ಲ. ಒಬ್ರು ನಿವೃತ್ತ ಅಂಚೆಯವರು. ಏಳು ದಿನದ ಹಾಳೇಲಿ ಬರೀ ಪತ್ರ, ಫೋಟೋ. ಸರಿ ಅಂತ ಹಳೇದೆಲ್ಲ ಅಳಿಸಿ ಹೊಸದು ಹಾಕ್ದೆ. ಅವ್ರ ಹೆಂಡತಿ ಲೆಕ್ಕದ ಟೀಚರಂತೆ, ಗಂಡನಿಗೋಸ್ಕರ ಒಂದ್ ಪುಟ್ಟ ಆಟ ಬರೆದಿಟ್ಟು ತೀರ್ಕೊಂಡಿದ್ರು. ಹೆಂಡತಿ ಹುಟ್ಟಿದ ದಿನ ಇವ್ರು ಒಂದೇ ಸಲ ಆಡೋರು. ವರ್ಷಕ್ಕೊಂದು ಸಲ ತೆಗೆಯೋದು ಏಳು ದಿನದ ಹಾಳೇಲಿ ಹೇಗೆ ಬರುತ್ತೆ ಹೇಳಿ? ಆಟ ಹೋಯ್ತು. ಅವ್ರು ಬೈಲಿಲ್ಲ, ‘ಹೋಗ್ಲಿ ಬಿಡಮ್ಮಾ’ ಅಂದ್ರು. ಬೈದಿದ್ರೆ ಚೆನ್ನಾಗಿತ್ತು.”

ಅಂದಿನಿಂದ ಹಾಳೆಯ ಕೆಳಗೆ ಒಂದು ಸಾಲು ಸೇರಿದೆ: ವರ್ಷಕ್ಕೊಮ್ಮೆ ತೆರೆಯುವುದು ಏನಾದರೂ ಇದೆಯೇ? ಇವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿದ್ದ ನನಗೂ ಕೇಳಿ ಚುರುಕ್ ಎಂದಿತು. ನನ್ನ ಮನೆಯ ಕಂಪ್ಯೂಟರಿಗೆ ಎರಡು ವರ್ಷದಿಂದ ‘ಆಮೇಲೆ ನೆನಪಿಸು’ ಎಂದು ಸಬೂಬು ಹೇಳುತ್ತಾ ಬಂದಿರುವ ಸೋಮಾರಿ ನಾನು. ಅದರಲ್ಲಿ ಏನೇನಿದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳಬೇಕು.

ಇತ್ತ ನಕಲಿನ ಮೇಲೆ ಹೊಸ ವ್ಯವಸ್ಥೆ ಕಣ್ಣು ಬಿಡುತ್ತದೆ. ನಿನ್ನೆ ಇದೇ ಹಂತದಲ್ಲಿ ಸೂಜಿ ಅಲುಗಾಡಿರಲಿಲ್ಲವಂತೆ. ಮನೆಗೆ ಹೋಗಿ ತಲೆಕೆಡಿಸಿಕೊಂಡು ಬೇಡಕ್ಕ ಇವತ್ತು ಬೇರೊಂದು ದಾರಿ ಹುಡುಕಿ ತಂದಿದ್ದಾರೆ. ಕಸೂತಿಯವರು ಫ್ರೇಮಿಗೆ ಬಿಳಿ ಬಟ್ಟೆ ಬಿಗಿದು ಹೂವೊಂದನ್ನು ಕಳಿಸುತ್ತಾರೆ. ಎಲ್ಲರೂ ಯಂತ್ರದತ್ತ ಬಗ್ಗುತ್ತೇವೆ. ಟಕ್ ಎಂದು ಸೂಜಿ ಇಳಿಯುತ್ತದೆ, ಮತ್ತೆ ಇಳಿಯುತ್ತದೆ, ಆಮೇಲೆ ಒಂದೇ ಸಮನೆ ಹೊಲಿಯತೊಡಗುತ್ತದೆ. “ಅಬ್ಬಾ! ಇನ್ನೇನು, ಹಾಕಿಬಿಡಿ,” ಎಂದು ಕಸೂತಿಯವರ ಗಂಡ ಕುರ್ಚಿಗೆ ಒರಗುತ್ತಾರೆ.

ಕೆಂಪು ನೂಲು ಮುಗಿದು ಹಸಿರಿಗೆ ಬದಲಾಗುವಾಗ ಮಾತ್ರ ಯಂತ್ರ ನಿಂತುಬಿಡುತ್ತದೆ. ಗುಂಡಿ ಒತ್ತಿ ಮತ್ತೆ ಹೊರಡಿಸಬೇಕು. ಹೂವು ಮುಗಿದ ಮೇಲೆ ಕಸೂತಿಯವರು ಬಟ್ಟೆ ಬಿಡಿಸಿ ಕಿಟಕಿಯ ಬಳಿ ಒಯ್ದು, ಹೆಬ್ಬೆರಳಿಂದ ಸವರುತ್ತಾರೆ.

“ಯಂತ್ರ ನಿಂತ ಕಡೆ ಒಂದೆಳೆ ಜರುಗಿದೆ.”

ಬೇಡಕ್ಕ ನೋಡುತ್ತಾರೆ, ಗಂಡ ನೋಡುತ್ತಾರೆ, ಕನ್ನಡಕ ಏರಿಸಿ ನಾನೂ ನೋಡುತ್ತೇನೆ. ನಮ್ಮ ಯಾರ ಕಣ್ಣಿಗೂ ಏನೂ ಕಾಣುವುದಿಲ್ಲ.

“ಯಾರಿಗೆ ಗೊತ್ತಾಗುತ್ತೆ ಮಾರಾಯ್ತಿ?” ಗಂಡ ಕೇಳುತ್ತಾರೆ.

“ನನ್ನ ಬೆರಳಿಗೆ ಗೊತ್ತಾಗ್ತಿದೆಯಲ್ಲಾ. ಐದು ಬಣ್ಣದ ಲಾಂಛನ ಆದ್ರೆ ನಾಲ್ಕು ಸಲ ಜರುಗುತ್ತೆ.”

ಬೇಡಕ್ಕ ವಾದಿಸುವುದಿಲ್ಲ. ಕುರ್ಚಿ ಎಳೆದು ಅವರನ್ನು ಕೂರಿಸಿ, ಎರಡೂ ಕಡೆಯದನ್ನು ನಿಧಾನವಾಗಿ ಹೇಳುತ್ತಾರೆ. ಹೊಸದು ಹಾಕಿದರೆ ಕಳ್ಳರ ಕಾಟ ಕಡಿಮೆ, ಆದರೆ ಎಳೆ ಜರುಗುವುದನ್ನು ಸರಿಮಾಡಲು ತಮ್ಮಿಂದ ಆಗದು. ಹಳೆಯದೇ ಇರಲಿ ಎಂದರೆ ಇಂಟರ್ನೆಟ್ ಕೇಬಲ್ ಇವತ್ತೇ ಕಿತ್ತು, ಬ್ಯಾಂಕಿನ ಕೆಲಸವನ್ನು ಬೇರೆ ಕಡೆ ಮಾಡಬೇಕು. ಪೆನ್‌ಡ್ರೈವ್ ಹಾಕುವ ಮುಂಚೆ ಪ್ರತಿ ಸಲ ವೈರಸ್ ತಪಾಸಣೆ ಆಗಬೇಕು. ಈ ಡಿಸ್ಕ್ ಎಷ್ಟು ವರ್ಷ ಬಾಳುತ್ತದೋ ಗೊತ್ತಿಲ್ಲ, ಅದಕ್ಕೆ ಒಂದು ನಕಲು ಬೀರುವಿನಲ್ಲಿರಲಿ.

ಮತ್ತೆ ಹಳೆಯ ಡಿಸ್ಕ್ ಒಳಗೆ ಹೋಗುತ್ತದೆ. ನೀಲಿ ಚೌಕ ಏಳುತ್ತದೆ. ಬದಲಿಸಬೇಕೆ? ಬೇಡಕ್ಕ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಗಂಡ ಏನೋ ಹೇಳಹೊರಡುತ್ತಾರೆ, ಬೇಡಕ್ಕ ಕೂಡದೆಂದು ತಲೆಯಾಡಿಸುತ್ತಾರೆ. ಕಸೂತಿಯವರು ಗಂಡನತ್ತ ತಿರುಗಿ, “ಬ್ಯಾಂಕಿನದು ಇನ್ಮೇಲೆ ನಿಮ್ಮ ಫೋನಲ್ಲೇ ನೋಡ್ಕೊಳ್ಳಿ,” ಎನ್ನುತ್ತಾರೆ. ಆಮೇಲೆ ಮೌಸ್ ಹಿಡಿದು ‘ಬೇಡ’ ಒತ್ತುತ್ತಾರೆ.

ಬೇಡಕ್ಕ ಕೇಬಲ್ ಕಿತ್ತು ಸುತ್ತಿ ಗಂಡನ ಕೈಗಿಡುತ್ತಾರೆ. ಏಳೂಮುಕ್ಕಾಲಿಗೆ ಹೊಲಿಗೆ ಶುರುವಾಗುತ್ತದೆ.

ಮೆಟ್ಟಿಲಿಳಿಯುವಾಗ ನಾನು ಕೇಳಿಯೇಬಿಡುತ್ತೇನೆ: ಮೂರು ಬೆಳಗಿನ ದುಡಿಮೆ ದಂಡವಾಯಿತಲ್ಲ?

ಬೇಡಕ್ಕ ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ.

“ಮೊದಲ್ನೇ ದಿನ ಬಾಗಿಲು ತೆಗೆದಾಗ್ಲೂ ಅವ್ರು ಬೇಡ ಅಂತಾನೇ ಅಂದಿದ್ರು. ಅವತ್ತಿನ ಬೇಡ ಹೆದರ್ಕೊಂಡು ಹೇಳಿದ್ದು. ಇವತ್ತಿಂದು, ನೋಡಿದ್ರಲ್ಲಾ, ಬಟ್ಟೆ ಸವರಿ ನೋಡಿ ಹೇಳಿದ್ದು. ನಾನ್ ಮಾಡೋ ಕೆಲಸ ಅಷ್ಟೇ ಕಣ್ರೀ.”