ರಸ್ತೆ ಅಗೆದಿಟ್ಟಷ್ಟು ದಿನ

ನಮ್ಮ ರಸ್ತೆಯ ಕೆಲಸ ಬೇಗ ಮುಗಿಯದಿರಲಿ ಎಂದು ಬಯಸಿದವಳು ಇಡೀ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಈವರೆಗೆ ಇದನ್ನು ಯಾರ ಹತ್ತಿರವೂ ಹೇಳಿಲ್ಲ. ಆಗ ಹೇಳಿದ್ದರೆ ನೆರೆಕರೆಯವರು ನನ್ನನ್ನು ಅದೇ ಹೊಂಡಕ್ಕೆ ದೂಡಿ ಮಣ್ಣು ಮುಚ್ಚುತ್ತಿದ್ದರು.

ಕೊಡಿಯಾಲ್‌ಬೈಲಿನ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ನಮ್ಮ ಹಿತ್ತಿಲು ಮುಗಿದಲ್ಲಿ ಇನ್ನೊಂದು ಮನೆಯ ಹಿತ್ತಿಲು ಶುರುವಾಗುತ್ತದೆ. ಆ ಮನೆಯ ಗೇಟು ಮಾತ್ರ ಬಲ್ಮಠದ ಕಡೆಯ ಬೇರೆ ರಸ್ತೆಗೆ. ಅದು ವ್ಯಾಪಾರದ ಬ್ಯಾರಿ ಮುಸ್ಲಿಮರ ಕುಟುಂಬ; ಹಂಪನಕಟ್ಟೆಯಲ್ಲಿ ಅವರದೊಂದು ಚಪ್ಪಲಿ ಅಂಗಡಿ ಇದೆ. ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷವೇ ಆ ಮನೆಗೂ ಒಬ್ಬರು ಮದುಮಗಳಾಗಿ ಬಂದಿದ್ದರು. ಅವರು ನನ್ನನ್ನು ಅಕ್ಕ ಎನ್ನುತ್ತಾರೆ, ನಾನೂ ಅವರನ್ನು ಅಕ್ಕ ಎನ್ನುತ್ತೇನೆ. ಇಬ್ಬರಲ್ಲಿ ದೊಡ್ಡವರು ಯಾರು ಎಂಬುದು ಮೂವತ್ತು ವರ್ಷ ಕಳೆದರೂ ತೀರ್ಮಾನವಾಗಿಲ್ಲ. ಆಗುವುದು ಇಬ್ಬರಿಗೂ ಬೇಕಾಗಿಲ್ಲ. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಮೊದಲು ನಡುವೆ ಗೋಡೆ ಇರಲಿಲ್ಲ. ಬೇಲಿ ಇತ್ತು, ಬೇಲಿಯಲ್ಲೊಂದು ತಡಮೆ ಇತ್ತು. ದನ ದಾಟಬಾರದು, ಮನುಷ್ಯರು ದಾಟಬಹುದು ಎನ್ನುವಷ್ಟು ಎತ್ತರಕ್ಕೆ ಅಡ್ಡಮರ ಕಟ್ಟಿದ ಒಂದು ಸಂದು ಅದು. ಹೊಟ್ಟೆಯಲ್ಲಿ ಮಗುವಿದ್ದಾಗಲೂ ಇಬ್ಬರೂ ಅದನ್ನು ದಾಟಿದ್ದೇವೆ, ಇಬ್ಬರೂ ಅವರವರ ಅತ್ತೆಯಿಂದ ಬೈಸಿಕೊಂಡಿದ್ದೇವೆ. ಅವರ ಗಂಡ ಸೌದಿಯಲ್ಲಿದ್ದಾಗ ಕಾಗದದ ಕವರಿನ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆದುಕೊಡುತ್ತಿದ್ದುದು ನಾನು. ನನ್ನ ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಲು ನನಗೆ ಕಲಿಸಿದ್ದು ಅವರು. ಆಮೇಲೆ ಸುತ್ತಲಿನವರೆಲ್ಲ ಕೆಂಪುಕಲ್ಲಿನ ಗೋಡೆ ಕಟ್ಟಿಸತೊಡಗಿದರು, ನಾವು ಎರಡು ಮನೆಯವರೂ ಸೇರಿ ಒಂದನ್ನು ಕಟ್ಟಿಸಿದೆವು. ಜಗಳ ಏನೂ ಆಗಿರಲಿಲ್ಲ. ಕಾಲ ಸರಿಯಿಲ್ಲ, ನಡುವೆ ಒಂದು ಗೋಡೆ ಇದ್ದರೆ ಇಬ್ಬರಿಗೂ ಒಳ್ಳೆಯದು ಎಂದು ಯಾರೋ ಹೇಳಿದ್ದರು. ಯಾವ ಮನೆಯವರು ಹೇಳಿದ್ದೆಂದು ಈಗ ನೆನಪಿಲ್ಲ. ಎರಡೂ ಮನೆಯವರು ತಲೆಯಾಡಿಸಿದ್ದು ನೆನಪಿದೆ.

ಗೋಡೆಯಾದ ಮೇಲೆ ಅವರ ಮನೆಗೆ ಹೋಗಬೇಕಾದರೆ ನಮ್ಮ ರಸ್ತೆ ಇಳಿದು, ಮುಖ್ಯರಸ್ತೆಯ ಬದಿಯಲ್ಲಿ ಜೀವ ಕೈಯಲ್ಲಿ ಹಿಡಿದು ನಡೆದು, ಏರು ಹತ್ತಿ ಸುತ್ತಿ ಬರಬೇಕು. ಕಾಲು ಗಂಟೆಯ ದಾರಿ. ಮದುವೆಗೆ ಹೋದೆವು, ಹೆರಿಗೆಗೆ ಹೋದೆವು, ಅವರ ಗಂಡ ತೀರಿಕೊಂಡಾಗ ಹೋದೆವು. ಉಳಿದ ದಿನಗಳಲ್ಲಿ ಗೋಡೆಯಾಚೆಯಿಂದ ಅವರ ಕೆಮ್ಮು ಕೇಳುತ್ತಿತ್ತು, ಅವರ ಕುಕ್ಕರಿನ ಸೀಟಿ ಕೇಳುತ್ತಿತ್ತು. ಇಷ್ಟು ಹತ್ತಿರ ಇರುವವರಿಗಾಗಿ ಹಂಬಲಿಸುವುದೆಂದರೆ ನಗೆಪಾಟಲಿನ ವಿಷಯ ಎಂದು ನಾನು ಬಾಯಿ ಬಿಡಲಿಲ್ಲ.

ಹೋದ ವರ್ಷ ಮಳೆ ನಿಂತ ಕೂಡಲೇ ನಮ್ಮ ರಸ್ತೆಗೆ ಜೆಸಿಬಿ ಬಂತು. ಹಳೆಯ ನೀರಿನ ಪೈಪು ತೆಗೆದು ಹೊಸದು, ಒಳಚರಂಡಿಗೆ ಹೊಸದು, ಜತೆಗೆ ಗ್ಯಾಸಿನ ಪೈಪು, ಎಲ್ಲ ಆದ ಮೇಲೆ ಕಾಂಕ್ರೀಟು. ನಲವತ್ತು ದಿನದ ಕೆಲಸ ಎಂದರು. ನೀರಿನವರು ಮುಚ್ಚಿದ್ದನ್ನು ಚರಂಡಿಯವರು ಅಗೆದರು, ಚರಂಡಿಯವರು ಮುಚ್ಚಿದ್ದನ್ನು ಗ್ಯಾಸಿನವರು ಅಗೆದರು. ನಮ್ಮ ಗೇಟಿನ ಎದುರು ಆಳೆತ್ತರದ ಹೊಂಡ, ಅದರ ಮೇಲೊಂದು ಹಲಗೆ. ನಾನು ಹಂಪನಕಟ್ಟೆಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುವವಳು. ದಿನಾ ಬಸ್ಸು ಹಿಡಿಯಲೇಬೇಕು. ಕೆಲಸ ಶುರುವಾದ ಎರಡನೆಯ ದಿನವೇ ಹಲಗೆಯ ಮೇಲೆ ಕಾಲು ಜಾರಿತು. ನಾನು ಗೇಟಿನ ಸರಳು ಹಿಡಿದು ಉಳಿದುಕೊಂಡೆ, ಊಟದ ಡಬ್ಬಿ ಹೊಂಡಕ್ಕೆ ಬಿತ್ತು.

ಆ ಸಂಜೆ ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಗೋಡೆಯಾಚೆಯಿಂದ ದನಿ ಬಂತು.

"ಅಕ್ಕ, ನೀವು ಹೊಂಡಕ್ಕೆ ಬಿದ್ದಿರಂತೆ?"

"ನಾನಲ್ಲ ಅಕ್ಕ, ಡಬ್ಬಿ."

"ಡಬ್ಬಿಗೆ ಎಂತಾದ್ರೂ ಪೆಟ್ಟಾಯ್ತಾ?"

ಇಬ್ಬರೂ ನಕ್ಕೆವು. ಮುಖ ಕಾಣದೆ ನಗುವುದು ಸ್ವಲ್ಪ ವಿಚಿತ್ರವಾಗಿತ್ತು. ಮರುದಿನ ಬೆಳಿಗ್ಗೆ ಅವರ ದೊಡ್ಡ ಮಗ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಬಂದು, ಗೋಡೆಯಲ್ಲಿ ಒಂದು ಬಾಗಿಲಿನಷ್ಟು ಅಗಲಕ್ಕೆ ಕಲ್ಲು ಬಿಚ್ಚಿಸಿದ. "ರಸ್ತೆ ಆಗುವವರೆಗೆ ನಮ್ಮ ಅಂಗಳದಲ್ಲೇ ಹೋಗಿ ಆಂಟಿ. ಈ ಹಲಗೆ ಸರ್ಕಸ್ ಬೇಡ" ಎಂದ. ಬಿಚ್ಚಿದ ಕಲ್ಲುಗಳನ್ನು ಪಕ್ಕದಲ್ಲೇ ಅಚ್ಚುಕಟ್ಟಾಗಿ ಪೇರಿಸಿಟ್ಟರು. ಅದನ್ನು ನೋಡಿ ನನಗೆ ಅವತ್ತೇ ಒಂದು ಕಸಿವಿಸಿಯಾಯಿತು.

ಅಲ್ಲಿಂದ ದಿನಕ್ಕೆರಡು ಸಲ ಅವರ ಅಡುಗೆಮನೆಯ ಹಿಂಬದಿಯಿಂದ ನನ್ನ ಓಡಾಟ. ಬೆಳಿಗ್ಗೆ ಅವರು ಮೀನು ಕತ್ತರಿಸುತ್ತಲೋ ತೆಂಗಿನಕಾಯಿ ತುರಿಯುತ್ತಲೋ ಕೂತಿರುತ್ತಿದ್ದರು. "ಹೊರಟಿರಾ?" "ಹೊರಟೆ." ಸಂಜೆ ಮಾತ್ರ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ನನ್ನ ಬಸ್ಸಿನ ಹೊತ್ತು ಅವರಿಗೆ ಗೊತ್ತಿತ್ತು. ಚಹಾ ಬೇಕೇ ಎಂದು ಕೇಳದೆಯೇ ಲೋಟ ಕೈಗೆ ಕೊಡುತ್ತಿದ್ದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾನು, ಮೆಟ್ಟಿಲಿನ ಮೇಲೆ ಅವರು. ಸೊಸೆಯರ ಸುದ್ದಿ, ಸಕ್ಕರೆ ಕಾಯಿಲೆಯ ಸುದ್ದಿ, ಸತ್ತುಹೋದ ಅತ್ತೆಯಂದಿರ ಮೇಲಿನ ಹಳೆಯ ಕೋಪ. ಗಂಡ ಹೋದ ಮೇಲೆ ಮನೆ ತುಂಬ ಜನ ಇದ್ದರೂ ಮಾತಿಗೆ ಯಾರೂ ಇಲ್ಲ ಎಂದು ಒಂದು ದಿನ ಹೇಳಿ, ಕೂಡಲೇ ಬೆಂಡೆಕಾಯಿಯ ಕ್ರಯಕ್ಕೆ ಹಾರಿದರು. ನಾನೂ ಬೆಂಡೆಕಾಯಿಯ ಬಗ್ಗೆಯೇ ಮಾತಾಡಿದೆ. ಆದರೆ ಅವರ ಪಕ್ಕಕ್ಕೆ ಹೋಗಿ ಕೂತುಕೊಂಡೆ. ಅಷ್ಟು ಸುಖ ನನಗೆ ಎಷ್ಟೋ ವರ್ಷಗಳಿಂದ ಇರಲಿಲ್ಲ.

ನಲವತ್ತು ದಿನ ಹೋಗಿ ಮೂರು ತಿಂಗಳಾಯಿತು. ಬೀದಿಯವರ ತಾಳ್ಮೆ ಕೆಟ್ಟಿತು. ಒಂದು ಭಾನುವಾರ ನಮ್ಮ ಜಗಲಿಯಲ್ಲೇ ಸಭೆ ಸೇರಿ, ಕೆಲಸ ಬೇಗ ಮುಗಿಸಬೇಕೆಂದು ಇಂಜಿನಿಯರ್ ಸಾಹೇಬರಿಗೆ ಮನವಿ ಕೊಡುವುದೆಂದು ತೀರ್ಮಾನಿಸಿದರು. ಟೈಪಿಂಗ್ ಬರುವವಳು ನಾನು ತಾನೇ? ನನ್ನ ಗಂಡ ಹೆಮ್ಮೆಯಿಂದ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಟೈಪ್ ಮಾಡಿದೆ, ಎಲ್ಲರ ಸಹಿಯೂ ಆಯಿತು, ನಾನೂ ಸಹಿ ಹಾಕಿದೆ. ಆಫೀಸಿಗೆ ಹೋಗುವ ದಾರಿಯಲ್ಲಿ ಕೊಟ್ಟು ಬರುತ್ತೇನೆಂದು ಬ್ಯಾಗಿಗೆ ಹಾಕಿಕೊಂಡವಳು ಹತ್ತು ದಿನ ಅದನ್ನು ಹೊತ್ತುಕೊಂಡೇ ತಿರುಗಿದೆ.

"ಕೊಟ್ಟೆಯಾ?" ಎಂದು ಗಂಡ ಕೇಳಿದರೆ, "ಸಾಹೇಬರು ರಜೆಯಲ್ಲಿದ್ದಾರಂತೆ" ಎನ್ನುತ್ತಿದ್ದೆ. ಹೀಗೆ ಸುಳ್ಳು ಹೇಳುವುದು ನನಗೆ ಇಷ್ಟು ಸಲೀಸು ಎಂದು ಗೊತ್ತಿರಲಿಲ್ಲ.

ಹನ್ನೊಂದನೆಯ ದಿನ ಬೀದಿಯ ಕೊನೆಯ ಮನೆಯ ಅಜ್ಜನಿಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಒಳಗೆ ಬರುವಂತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಮಂದಿ ಹೊಂಡಗಳ ಬದಿಯಿಂದ ಎತ್ತಿಕೊಂಡು ಹೋದರು. ಅಜ್ಜ ಉಳಿದರು, ವಾರದೊಳಗೆ ಮನೆಗೂ ಬಂದರು. ಆದರೆ ಆ ಕುರ್ಚಿ ನಮ್ಮ ಗೇಟಿನ ಮುಂದೆ ವಾಲಿದಾಗ ನಾನು ಅನುಭವಿಸಿದ ನಾಚಿಕೆಯನ್ನು ಇನ್ನೂ ಮರೆತಿಲ್ಲ. ಅದೇ ದಿನ ಮನವಿ ಕೊಟ್ಟು ಬಂದೆ.

ಆಮೇಲೆ ಕೆಲಸಕ್ಕೆ ವೇಗ ಬಂತು. ನನ್ನ ಕಾಗದದಿಂದಲೋ, ಅದರಷ್ಟಕ್ಕೇ ಬಂತೋ ಗೊತ್ತಿಲ್ಲ. ಕಾಂಕ್ರೀಟು ಬಿತ್ತು, ಗೋಣಿ ಹಾಸಿ ನೀರು ಬಿಟ್ಟರು. ವಾಹನಕ್ಕೆ ಇನ್ನೂ ಮೂರು ವಾರ ಕಾಯಬೇಕು, ಜನ ಈಗಲೇ ನಡೆಯಬಹುದು ಎಂದು ಮೇಲ್ವಿಚಾರಕ ಬಂದು ಹೇಳಿದ. ವಾಹನದ ಮಾತನ್ನು ಮಾತ್ರ ಕೇಳಿಸಿಕೊಂಡು ಇನ್ನೂ ಮೂರು ವಾರ ಹಿಂದಿನ ದಾರಿಯಲ್ಲೇ ಹೋದೆ. ನಮಗೆ ವಾಹನವೇ ಇಲ್ಲ.

ಕೊನೆಗೊಂದು ಬೆಳಿಗ್ಗೆ ಅವರ ದೊಡ್ಡ ಮಗ ಆ ಸಂದಿನ ಹತ್ತಿರ ನಿಂತು ಕೇಳಿದ: "ಆಂಟಿ, ರಸ್ತೆ ಆಯ್ತಲ್ಲ. ಇದನ್ನು ಮುಚ್ಚಿಸುದಾ? ಅಲ್ಲ, ಇರ್ಲಿಯಾ? ನೀವು ಹೇಗೆ ಹೇಳ್ತೀರಿ ಹಾಗೆ."

ಇರಲಿ ಎಂದು ಬಾಯಿಯ ತುದಿಗೆ ಬಂದಿತ್ತು. ಆದರೆ ಅವರ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ನಾಲ್ಕು ತಿಂಗಳು ಅನ್ಯರು ಹಿತ್ತಿಲಲ್ಲಿ ಓಡಾಡಿದ್ದನ್ನು ಸಹಿಸಿಕೊಂಡಿದ್ದಾರೆ. ಮುಚ್ಚಬೇಕೆಂದು ಇದ್ದದ್ದಕ್ಕೇ ಇಷ್ಟು ಮರ್ಯಾದೆಯಿಂದ ಕೇಳುತ್ತಿದ್ದಾನೆ ಎಂದುಕೊಂಡೆ. ನಮ್ಮ ಊರಿನಲ್ಲಿ ದಾಕ್ಷಿಣ್ಯಕ್ಕೆ ಕೊರತೆ ಎಂಬುದು ಇಲ್ಲ. "ಮುಚ್ಚಿಸು ಮಗಾ. ನಿಮಗೂ ಎಷ್ಟು ದಿನ ಉಪದ್ರ" ಎಂದೆ.

ಮರುದಿನ ಮೇಸ್ತ್ರಿ ಬಂದ. ನಾನು ಆಫೀಸಿಗೆ ರಜೆ ಹಾಕಿದೆ, ತಲೆನೋವು ಎಂದೆ. ಈಚೆ ನಾನು ನಿಂತಿದ್ದೆ, ಆಚೆ ಅವರು. ಒಂದೊಂದೇ ಸಾಲು ಏರಿತು. ಅವರ ಸೆರಗು ಮರೆಯಾಯಿತು, ಕೈಬಳೆ ಮರೆಯಾಯಿತು, ಕೊನೆಗೆ ಮುಖ ಮಾತ್ರ ಉಳಿಯಿತು. ಅವರು ಏನೋ ಹೇಳಲು ಬಾಯಿ ತೆರೆದರು.

"ಮೇಸ್ತ್ರಿಗೆ ಚಾ ನಾನು ಕೊಡ್ತೇನೆ ಅಕ್ಕ. ನೀವು ಮಾಡ್ಬೇಡಿ."

"ಆಯ್ತು" ಎಂದೆ. ಮೇಸ್ತ್ರಿ ಮುಂದಿನ ಕಲ್ಲು ಇಟ್ಟ.

ಹದಿನೈದು ದಿನ ತಡೆದುಕೊಂಡೆ. ಆಮೇಲೊಂದು ಭಾನುವಾರ ಹೊಸ ರಸ್ತೆ ಇಳಿದು, ಮುಖ್ಯರಸ್ತೆಯ ಬದಿಯಲ್ಲಿ ನಡೆದು, ಸುತ್ತು ಹಾಕಿ ಅವರ ಮನೆಯ ಮುಂಬಾಗಿಲಿನ ಬೆಲ್ ಒತ್ತಿದೆ. ಸೊಸೆ ಬಾಗಿಲು ತೆರೆದು ತುಂಬ ಆದರದಿಂದ ಒಳಗೆ ಕರೆದಳು. ಸೋಫಾದಲ್ಲಿ ಕೂರಿಸಿದಳು, ಫ್ಯಾನ್ ಹಾಕಿದಳು, ಟ್ರೇಯಲ್ಲಿ ಜ್ಯೂಸು ತಂದಿಟ್ಟಳು. ಅಕ್ಕ ಸೀರೆ ಬದಲಿಸಿ, ತಲೆಯ ಮೇಲೆ ಬಟ್ಟೆ ಸರಿಮಾಡಿಕೊಂಡು ಬಂದು ಎದುರು ಕೂತರು. "ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ?" ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ಬಿಸಿಲು ಜೋರು ಎಂದರು. ಹೌದು ಎಂದೆ. ಸೊಸೆ ಬಾಗಿಲ ಬಳಿ ನಗುತ್ತ ನಿಂತಿದ್ದಳು, ಪಾಪ, ಅವಳದೇನೂ ತಪ್ಪಿಲ್ಲ. ಜ್ಯೂಸು ಮುಗಿಯುವಷ್ಟರಲ್ಲಿ ನಮ್ಮ ಮಾತೂ ಮುಗಿಯಿತು.

ಗೇಟಿನವರೆಗೆ ಅವರೊಬ್ಬರೇ ಬಂದರು. ಚಿಲಕದ ಮೇಲೆ ಕೈಯಿಟ್ಟರು, ಆದರೆ ತೆಗೆಯಲಿಲ್ಲ.

"ಅಕ್ಕ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಅದನ್ನು ಮುಚ್ಚಬೇಕು ಅಂತ ನಿಮಗೆ ಇತ್ತಾ?"

"ನನಗೆಲ್ಲಿ? ನಿಮ್ಮ ಮಗ ಕೇಳಿದ್ದಲ್ವಾ?"

"ಅವನನ್ನು ಕಳಿಸಿದ್ದು ನಾನೇ. ನೀವು ಇರ್ಲಿ ಅಂತ ಹೇಳ್ತೀರಿ ಅಂತ."

ಅವರು ನನ್ನ ಮುಖ ನೋಡದೆ ರಸ್ತೆಯ ಕಡೆ ನೋಡುತ್ತಿದ್ದರು. ನಾನೇ ಕೇಳಿದೆ: "ಇನ್ನೊಮ್ಮೆ ಒಡೆಸುದಾ ಅಕ್ಕ?"

"ಆಗ ಆದ್ರೆ ರಸ್ತೆ ಇರ್ಲಿಲ್ಲ" ಎಂದರು. "ಈಗ ಮಕ್ಕಳ ಹತ್ರ ಎಂತ ಕಾರಣ ಹೇಳುದು?"

ನಿಮ್ಮನ್ನು ನೋಡದೆ ಇರಲಾಗುವುದಿಲ್ಲ ಎಂಬುದೂ ಒಂದು ಕಾರಣವೇ. ಈ ವಯಸ್ಸಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಇಬ್ಬರಿಗೂ ಇಲ್ಲ. ಬರ್ತೇನೆ ಎಂದೆ. ಬನ್ನಿ ಎಂದರು.

ಬಂದ ದಾರಿಯಲ್ಲೇ ಮನೆಗೆ ನಡೆದೆ. ನಮ್ಮ ಬೀದಿಗೆ ತಿರುಗಿದ ಮೇಲೆ ನಡಿಗೆ ನಿಧಾನ ಮಾಡಿದೆ. ಹೊಸ ಕಾಂಕ್ರೀಟಿನಲ್ಲಿ ಎಲ್ಲಾದರೂ ಬಿರುಕು ಬಿಟ್ಟಿದೆಯೇ, ಯಾವುದಾದರೂ ಪೈಪು ಸೋರಿ ಒದ್ದೆಯಾಗಿದೆಯೇ ಎಂದು ಈ ಬದಿ ಆ ಬದಿ ನೋಡುತ್ತ ಗೇಟಿನವರೆಗೆ ಬಂದೆ. ಎಲ್ಲೂ ಇರಲಿಲ್ಲ.